ಸೋಲಿಗೆ ಅಂಜದ ಲಕ್ಷ್ಮಣರಾವ್ ಕಿರ್ಲೋಸ್ಕರರು

ಬೀದರ, ಭಾಲ್ಕಿ, ಔರಾದ ಕಡೆಯವರಾದ ನಮಗೆ ಕೈಕಸುಬು ಹೊಸದಲ್ಲ. ಸತುವಿಗೆ ತಾಮ್ರವನ್ನು ಬೆರಸಿ ಎರಕ ಹೊಯ್ದು, ಬೆಳ್ಳಿಯ ತಂತಿಯನ್ನು ಕೂರಿಸಿ, ಕೋಟೆಯ ಮಣ್ಣು ನವಸಾಗರಗಳಿಂದ ಕಪ್ಪೇರಿಸುವ ಬಿದರಿ ಕೆಲಸವು ಜಗತ್ಪ್ರಸಿದ್ಧವಾದುದು. ಆದರೂ ನಮ್ಮ ಜನವಾಡದಂತಹ ಊರಿನ ತರುಣನೊಬ್ಬನು ಸ್ವಂತ ಕಸುಬಿನ ಅಂಗಡಿ ತೆರೆಯುವೆನೆಂದರೆ, ನಡೆಯದಿದ್ದರೆ ಗತಿಯೇನೆಂಬ ಪ್ರಶ್ನೆ ಮೊದಲು ಮನೆಯಲ್ಲಿಯೇ ಏಳುತ್ತದೆ. ಆ ಪ್ರಶ್ನೆ ತಪ್ಪೆಂದು ನಾನು ಹೇಳಲಾರೆ. ಹೂಡುವ ಹಣ ಮನೆಯವರದೇ ಅಲ್ಲವೆ? ಅದಕ್ಕೆ ತಕ್ಕ ಉತ್ತರವನ್ನು ನಾನು ಕಂಡುದು ಲಕ್ಷ್ಮಣರಾಯರ ಜೀವನದಲ್ಲಿ.

ಅವರು 1869ರ ಜೂನ್ 20ರಂದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದರು. ಚಿತ್ರಕಲೆಯಲ್ಲಿಯೂ ಯಂತ್ರಗಳಲ್ಲಿಯೂ ಅವರಿಗೆ ಬಾಲ್ಯದಿಂದ ಒಲವು. ಮುಂಬಯಿಯ ಜೆ. ಜೆ. ಕಲಾಶಾಲೆಯನ್ನು ಸೇರಿದರು. ಆದರೆ ಕಣ್ಣಿಗೆ ಬಣ್ಣಗಳ ಭೇದ ಸರಿಯಾಗಿ ತಿಳಿಯದು! ಚಿತ್ರಕಾರನಾಗುವ ಆಸೆಯನ್ನು ಬಿಡಬೇಕಾಯಿತು. ಯಂತ್ರಗಳ ನಕ್ಷೆ ಬರೆಯಲು ಬಣ್ಣದ ಹಂಗಿಲ್ಲವಷ್ಟೆ. ಅದನ್ನೇ ಕಲಿತು ವಿಕ್ಟೋರಿಯಾ ಜ್ಯೂಬಿಲಿ ತಾಂತ್ರಿಕ ಶಾಲೆಯಲ್ಲಿ ಅಧ್ಯಾಪಕರಾದರು.

ಕಿರ್ಲೋಸ್ಕರ ಉದ್ಯಮದ ಬೇರು ಬೆಳಗಾವಿಯಲ್ಲಿದೆ. 1888ರಲ್ಲಿ ಅಲ್ಲಿ ಸೋದರ ರಾಮುಅಣ್ಣನವರೊಡನೆ ಆರಂಭವಾದುದು ಒಂದು ಸಣ್ಣ ಸೈಕಲ್ ಅಂಗಡಿ. ಸೈಕಲ್ ಮಾರುವುದು, ದುರಸ್ತಿ ಮಾಡುವುದು, ಕೊಂಡವರಿಗೆ ತುಳಿಯಲು ಕಲಿಸುವುದು, ಇಷ್ಟೇ ವ್ಯಾಪಾರ. ಅನಂತರ ಮೇವು ಕತ್ತರಿಸುವ ಯಂತ್ರ, ಬಳಿಕ ಕಬ್ಬಿಣದ ನೇಗಿಲು. ಕಬ್ಬಿಣ ತಗುಲಿದರೆ ಭೂಮಿ ಕೆಡುವುದೆಂದು ರೈತರು ಅಂಜಿದರು. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತೆಂದು ಹೇಳುತ್ತಾರೆ. ಮಾಡುವವನಿಗಿರುವಂತೆ ಕೊಳ್ಳುವವನಿಗೂ ಭಯವುಂಟೆಂಬುದನ್ನು ಅರಿತು ಅವರು ತಾಳಿಕೊಂಡರು.

ಮುಂದೆ ಬೆಳಗಾವಿಯ ಜಾಗವನ್ನೂ ತೆರವು ಮಾಡಬೇಕಾಗಿ ಬಂದಿತು. ಆಗ ಔಂಧ ಸಂಸ್ಥಾನದ ಅರಸರು ಭೂಮಿಯನ್ನೂ ಹತ್ತು ಸಾವಿರ ರೂಪಾಯಿಗಳ ಸಾಲವನ್ನೂ ಇತ್ತರು. ಕಳ್ಳಿ ಬೆಳೆದ ಆ ಬಂಜರು ನೆಲದಲ್ಲಿ 1910ರಲ್ಲಿ ಕಿರ್ಲೋಸ್ಕರವಾಡಿ ಎದ್ದಿತು. ಇಂದು ಅದು ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯಲ್ಲಿದೆ. ಲಕ್ಷ್ಮಣರಾಯರು 1956ರ ಸೆಪ್ಟೆಂಬರ್ 26ರಂದು ತೀರಿಕೊಂಡರು.

ಅವರಿಗೆ ಭಯವೇ ಇರಲಿಲ್ಲವೆಂದು ನಾನು ನಂಬುವುದಿಲ್ಲ. ಆದರೆ ಒಂದು ಕೆಲಸ ಕೈಬಿಟ್ಟಾಗ ಅದರಿಂದ ಕಲಿತ ವಿದ್ಯೆ ಕೈಬಿಡಲಿಲ್ಲ. ಚಿತ್ರ ಬರೆದ ಕೈ ನಕ್ಷೆ ಬರೆಯಿತು. ಸೈಕಲ್ ಬಿಚ್ಚಿದ ಕೈ ನೇಗಿಲು ಮಾಡಿತು. ನಮ್ಮ ತರುಣನೂ ಹಾಗೆಯೇ ತೊಡಗಲಿ. ಮೊದಲೇ ದೊಡ್ಡ ಹೂದಾನಿಗೆ ಬೆಳ್ಳಿ ಸುರಿಯುವುದು ಬೇಡ. ಅಂಗಿಯ ಗುಂಡಿಗಳನ್ನು ಮಾಡಲಿ, ಪುಟ್ಟ ಡಬ್ಬಿಯನ್ನು ಮಾಡಲಿ. ಅವು ಮಾರಾಟವಾಗದಿದ್ದರೆ ಮನೆ ಮುಳುಗದು, ಕೈಯಂತೂ ಪಳಗಿರುತ್ತದೆ. ನಡೆಯದಿದ್ದರೆ ಗತಿಯೇನೆಂದು ಕೇಳುವ ಹಿರಿಯರಿಗೆ ಕೊಡಬಹುದಾದ ಪ್ರಾಮಾಣಿಕ ಉತ್ತರ ಇದೇ ಎಂದು ನನ್ನ ಭಾವನೆ.