ಬಟನ್ ಒತ್ತಿದರೆ ಬೆಳಗುವ ವಾಚ್‌ನಲ್ಲಿ ರೇಡಿಯಂ ಇದೆಯೇ? ಮೇರಿ ಕ್ಯೂರಿ ಬದುಕಿನಿಂದ ಉತ್ತರ

ಗಾಡಿಗೆ ಅಂಟಿಸುವ ಸ್ಟಿಕ್ಕರ್ ಕೂಡ ನಮ್ಮಲ್ಲಿ ‘ರೇಡಿಯಂ’, ಕತ್ತಲಲ್ಲಿ ಕಾಣುವ ವಾಚ್ ಕೂಡ ‘ರೇಡಿಯಂ’. ಹೀಗಿರುವಾಗ ಬಟನ್ ಒತ್ತಿದರೆ ನೀಲಿ-ಹಸಿರು ಬೆಳಕು ಕೊಡುವ ವಾಚ್ ಕಟ್ಟಿದರೆ ಕ್ಯಾನ್ಸರ್ ಬರುತ್ತದೆಯೇ ಎಂಬ ಭಯ ಸಹಜ. ಬರುವುದಿಲ್ಲ. ಆದರೆ ಭಯದ ಮೂಲ ಸುಳ್ಳಲ್ಲ. ಅದನ್ನು ತಿಳಿಯಲು ನಾವು ಮೇರಿ ಕ್ಯೂರಿಯವರ ಕಥೆ ನೋಡಬೇಕು.

1867ರಲ್ಲಿ ಪೋಲೆಂಡ್‌ನ ವಾರ್ಸಾದಲ್ಲಿ ಹುಟ್ಟಿದ ಮೇರಿ ಅಲ್ಲಿನ ವಿಶ್ವವಿದ್ಯಾಲಯ ಸೇರುವಂತಿರಲಿಲ್ಲ, ಹೆಣ್ಣುಮಕ್ಕಳಿಗೆ ಪ್ರವೇಶವೇ ಇರಲಿಲ್ಲ. ಉಳ್ಳವರ ಮಕ್ಕಳಿಗೆ ಮನೆಪಾಠ ಹೇಳಿ ದುಡಿದು, 1891ರಲ್ಲಿ ಪ್ಯಾರಿಸ್‌ಗೆ ಹೋದರು. 1898ರಲ್ಲಿ ಪತಿ ಪಿಯರ್ ಜೊತೆ ರೇಡಿಯಂ ಕಂಡುಹಿಡಿದರು. ಸೋರುವ ಶೆಡ್‌ನಲ್ಲಿ ಟನ್‌ಗಟ್ಟಲೆ ಅದಿರಿನ ತ್ಯಾಜ್ಯ ಕುದಿಸಿ, ಕಲಕಿ, 1902ರ ಹೊತ್ತಿಗೆ ಅವರಿಗೆ ಸಿಕ್ಕ ರೇಡಿಯಂ ಕ್ಲೋರೈಡ್ ಒಂದು ಗ್ರಾಂನ ಹತ್ತನೇ ಒಂದು ಭಾಗ! ರಾತ್ರಿ ಹೊತ್ತು ದಂಪತಿ ಶೆಡ್‌ಗೆ ಹೋಗಿ, ಕತ್ತಲಲ್ಲಿ ಮಿನುಗುವ ಗಾಜಿನ ನಳಿಕೆಗಳನ್ನು ನೋಡಿ ಖುಷಿಪಡುತ್ತಿದ್ದರು. ಪೇಟೆಂಟ್ ಪಡೆಯಲಿಲ್ಲ. 1906ರಲ್ಲಿ ಪಿಯರ್ ರಸ್ತೆ ಅಪಘಾತದಲ್ಲಿ ತೀರಿಕೊಂಡರು. 1903ರ ನೊಬೆಲ್ ಇಬ್ಬರಿಗೂ ಬಂದಿತ್ತು, 1911ರದ್ದು ಮೇರಿಯೊಬ್ಬರಿಗೇ.

ಆ ಮಿನುಗನ್ನು ಬೇರೆಯವರು ವಾಚ್‌ಗೆ ತಂದರು. ರೇಡಿಯಂಗೆ ಜಿಂಕ್ ಸಲ್ಫೈಡ್ ಎಂಬ ಪುಡಿ ಬೆರೆಸಿದರೆ, ವಿಕಿರಣ ತಾಗಿ ಪುಡಿ ಬೆಳಗುತ್ತದೆ. ಅಮೆರಿಕದ ಕಾರ್ಖಾನೆಗಳಲ್ಲಿ ಈ ಬಣ್ಣ ಬಳಿಯುತ್ತಿದ್ದ ಯುವತಿಯರು ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡುತ್ತಿದ್ದರು. ದವಡೆ ಕೊಳೆತು ಹಲವರು ಸತ್ತರು. ಮೇರಿಯವರೂ 1934ರ ಜುಲೈ 4ರಂದು, ದೇಹದಲ್ಲಿ ರಕ್ತಕಣಗಳ ಉತ್ಪಾದನೆಯೇ ಕುಂದುವ ಕಾಯಿಲೆಯಿಂದ ತೀರಿಕೊಂಡರು. ಅವರ ನೋಟ್‌ಬುಕ್‌ಗಳನ್ನು ಇಂದಿಗೂ ಸೀಸದ ಪೆಟ್ಟಿಗೆಯಲ್ಲಿ ಇಡಲಾಗಿದೆ.

ಎರಡು ವರ್ಷದ ನಂತರ, 1936ರಲ್ಲಿ, ಫ್ರಾನ್ಸ್‌ನವರೇ ಆದ ಜಾರ್ಜ್ ಡೆಸ್ಟ್ರಿಯೊ ಅದೇ ಜಿಂಕ್ ಸಲ್ಫೈಡ್ ಪುಡಿ ಬರೀ ವಿದ್ಯುತ್ತಿನಿಂದ ಬೆಳಗುವುದನ್ನು ತೋರಿಸಿದರು. ಬಟನ್ ವಾಚ್‌ಗಳಲ್ಲಿ ಇರುವುದು ಇದೇ. 1992ರಲ್ಲಿ ಟೈಮೆಕ್ಸ್‌ನ ಇಂಡಿಗ್ಲೋ ಇದನ್ನು ಜನಪ್ರಿಯಗೊಳಿಸಿತು. ತಾಮ್ರದ ಅಂಶವಿರುವ ಪುಡಿಯ ತೆಳು ಪದರ, ಅದರ ಎರಡೂ ಬದಿಗೆ ವಿದ್ಯುತ್ ಹರಿಸುವ ಹಾಳೆಗಳು, ಮುಂದಿನದು ಪಾರದರ್ಶಕ. ಪುಟ್ಟ ಬ್ಯಾಟರಿಯ ವೋಲ್ಟೇಜನ್ನು ಸರ್ಕ್ಯೂಟ್ ನೂರರ ಆಸುಪಾಸಿಗೆ ಏರಿಸುತ್ತದೆ. ಗಾಬರಿ ಬೇಡ, ಹರಿಯುವ ಕರೆಂಟ್ ಅತ್ಯಲ್ಪ. ವಿಕಿರಣದ ಮಾತೇ ಇಲ್ಲ.

ಗುರುತಿಸುವುದು ಸುಲಭ: ರೇಡಿಯಂಗೆ ಬಟನ್ ಬೇಕಿಲ್ಲ. ಗಾಡಿಯ ಸ್ಟಿಕ್ಕರ್‌ನಲ್ಲೂ ರೇಡಿಯಂ ಇಲ್ಲ, ಅದು ಹೆಡ್‌ಲೈಟ್ ಬೆಳಕನ್ನು ವಾಪಸ್ ಕಳಿಸುತ್ತದೆ ಅಷ್ಟೇ. ಎಚ್ಚರ ಬೇಕಿರುವುದು ಅಜ್ಜನ ಕಾಲದ ವಾಚ್ ಬಗ್ಗೆ. ಪುಡಿ ಸವೆದು ಅದರ ಬೆಳಕು ಆರಿರಬಹುದು. ರೇಡಿಯಂ ಅರ್ಧಕ್ಕೆ ಇಳಿಯಲು ಮಾತ್ರ ಸುಮಾರು 1600 ವರ್ಷ ಬೇಕು. ಅಂಥ ವಾಚ್‌ನ ಗಾಜು ತೆಗೆದು ಬಣ್ಣ ಕೆರೆಯಲು ಹೋಗಬೇಡಿ.