ಫಲಕದ ಮೇಲೆ ಹೆಸರು, ಊರೂರಲ್ಲಿ ನಾಟಕ

ಎಂಬತ್ತರ ದಶಕದ ಕೊನೆಯಲ್ಲಿ ನಾನು ಸಿಂದಗಿ ಸೀಮೆಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಅಧಿಕಾರಿ. ಸುಗ್ಗಿ ಮುಗಿದು ಜಾತ್ರೆಯ ದಿನಗಳು ಸಮೀಪಿಸಿದವೆಂದರೆ ಮೇಜಿನ ಮೇಲೆ ಒಂದೇ ಬಗೆಯ ಅರ್ಜಿಗಳು ಬಂದು ಬೀಳುತ್ತಿದ್ದವು: ಊರಲ್ಲಿ ನಾಟಕವಾಡಲು ಪರವಾನಿಗೆ ಬೇಕು. ನಾಟಕದ ಹೆಸರಿನ ಎದುರು ‘ರಕ್ತರಾತ್ರಿ’ ಎಂದು ಮತ್ತೆ ಮತ್ತೆ ಕಾಣುತ್ತಿತ್ತು. ಬರೆದವರು ಯಾರೆಂಬುದು ಮಾತ್ರ ಎಲ್ಲಿಯೂ ಇರುತ್ತಿರಲಿಲ್ಲ. ಅರ್ಜಿ ತಂದ ಹಿರಿಯರೊಬ್ಬರನ್ನು ವಿಚಾರಿಸಿದಾಗ, ಅದು ತಮ್ಮ ಅಪ್ಪನ ಕಾಲದಿಂದ ಊರಲ್ಲಿ ಇರುವ ನಾಟಕವೆಂದು ತಿಳಿಸಿದರು. ಊರ ಬಾವಿ, ಊರ ಗುಡಿಯಂತೆ ಅದೂ ಊರಿನದೇ ಆಸ್ತಿ ಎಂಬ ಧಾಟಿಯಲ್ಲಿ.

ಆ ನಾಟಕದ ಕರ್ತೃ ಕಂದಗಲ್ ಹನುಮಂತರಾಯರು. ವಿಜಯಪುರದ ರಂಗಮಂದಿರಕ್ಕೆ ಅವರದೇ ಹೆಸರು. ಇಂಡಿಯಿಂದಲೋ ಬಸವನ ಬಾಗೇವಾಡಿಯಿಂದಲೋ ಜಯಂತಿ, ಸನ್ಮಾನ, ಶಾಲಾ ಸಮಾರಂಭಗಳಿಗೆಂದು ಅಲ್ಲಿಗೆ ಹೋಗಿಬಂದವರು ಸಾವಿರಾರು ಮಂದಿ. ಫಲಕದ ಮೇಲಿನ ಹೆಸರನ್ನು ಓದಿ ಆ ವ್ಯಕ್ತಿ ಯಾರೆಂದು ತಿಳಿಯಬಯಸಿದವರು ಎಷ್ಟು ಮಂದಿಯೋ. ಹಳೆಯ ರಂಗಮಂದಿರಗಳನ್ನು ನವೀಕರಿಸಿ ಸಮುದಾಯದ ಕಲಾಕೇಂದ್ರಗಳನ್ನಾಗಿ ಮಾಡಬೇಕೆಂಬ ಮಾತು ಜಿಲ್ಲಾ ಕೇಂದ್ರಗಳಲ್ಲೆಲ್ಲ ಕೇಳಿಬರುತ್ತಿರುವುದರಿಂದ ಈ ಮನುಷ್ಯನ ಬದುಕನ್ನು ಒಮ್ಮೆ ನೆನೆಯುವುದು ಉಚಿತ.

ಹನುಮಂತರಾಯರು 1896ರಲ್ಲಿ ಹುನಗುಂದ ತಾಲ್ಲೂಕಿನ ಕಂದಗಲ್ಲಿನಲ್ಲಿ ಹುಟ್ಟಿದರು. ಅದು ಆಗ ವಿಜಾಪುರ ಜಿಲ್ಲೆ. 1997ರಲ್ಲಿ ಜಿಲ್ಲೆ ಒಡೆದು ಬಾಗಲಕೋಟೆಯ ಪಾಲಾಯಿತು. ಮುದ್ದೇಬಿಹಾಳದವರಿಗೆ ಕೃಷ್ಣೆಯ ಆಚೆ ದಂಡೆಯ ಸೀಮೆ. ಮುಂಬಯಿ ಪ್ರಾಂತದ ಆಡಳಿತಕ್ಕೆ ಸೇರಿದ್ದ ಆ ಭಾಗದಲ್ಲಿ ಮನೆಯ ಮಾತು ಕನ್ನಡ, ರಂಗದ ಮೋಹ ಮರಾಠಿ. ಕಿರ್ಲೋಸ್ಕರ ಮಂಡಳಿ, ಅನಂತರ ಬಾಲಗಂಧರ್ವರು ಕನ್ನಡ ಸೀಮೆಯ ರಸಿಕರನ್ನೂ ಸೆರೆಹಿಡಿದಿದ್ದರು. ಅದಕ್ಕೆ ಎದುರಾಗಿ ಶಾಂತಕವಿಗಳು ಗದುಗಿನಲ್ಲಿ ಹಚ್ಚಿದ ದೀಪವನ್ನು ಶಿರಹಟ್ಟಿ, ಕೊಣ್ಣೂರು ಕಂಪನಿಗಳೂ ಗರೂಡ ಸದಾಶಿವರಾಯರೂ ಊರೂರಿಗೆ ಕೊಂಡೊಯ್ದರು. ಹನುಮಂತರಾಯರು ಬೆಳೆದದ್ದು ಈ ಹವೆಯಲ್ಲಿ. ಓದಿ, ನೌಕರಿ ಹಿಡಿದು ನಿಶ್ಚಿಂತೆಯಿಂದ ಇರಬಹುದಾಗಿದ್ದ ವರ್ಗದಿಂದ ಬಂದವರು ಡೇರೆಯ ಬಾಳಿಗೆ ಮನಸೋತರು. ಅದು ಗೌರವದ ಕಸುಬೆಂದು ಯಾರೂ ಭಾವಿಸದಿದ್ದ ಕಾಲವದು.

ಅರ್ಥಶಾಸ್ತ್ರ ಓದಿದವನಿಗೆ ಕಂಪನಿ ನಾಟಕ ಒಂದು ಸ್ವಾರಸ್ಯದ ಉದ್ಯಮ. ಡೇರೆ, ಪರದೆ, ಸಾಗಾಣಿಕೆ, ನಟರ ಸಂಬಳ, ಎರಡು ಹೊತ್ತಿನ ಅಡುಗೆ ಇವೆಲ್ಲ ಖಚಿತ ಖರ್ಚು. ಆದಾಯ ಮಾತ್ರ ಆ ರಾತ್ರಿಯ ಗಲ್ಲಾಪೆಟ್ಟಿಗೆಗೆ ಸೇರಿದ್ದು. ಒಂದು ಅಕಾಲ ಮಳೆ ಬಂದರೆ ವಾರದ ಲೆಕ್ಕ ತಲೆಕೆಳಗು. ಇದಕ್ಕೆ ಮೈಸೂರು ಸೀಮೆಯ ಗುಬ್ಬಿ ವೀರಣ್ಣನವರು ಕಂಡುಕೊಂಡ ಉತ್ತರ ಬಂಡವಾಳ. ಮೂವತ್ತರ ದಶಕದಲ್ಲಿ ಅವರ ‘ಕುರುಕ್ಷೇತ್ರ’ದಲ್ಲಿ ರಂಗದ ಮೇಲೆ ಆನೆ, ಕುದುರೆಗಳೇ ನಡೆದುಬಂದವು. ಹನುಮಂತರಾಯರೂ ಒಂದು ‘ಕುರುಕ್ಷೇತ್ರ’ ಬರೆದರು. ಆನೆ ಕುದುರೆಗಳನ್ನು ಅವರು ಮಾತಿನಲ್ಲಿಯೇ ತಂದು ನಿಲ್ಲಿಸಿದರು. ವೀರಣ್ಣನವರ ವೈಭವ ಅವರ ಕಂಪನಿಯ ಜೊತೆಗೇ ಮುಗಿಯಿತು. ಅಷ್ಟು ಹಣ ಸುರಿಯಬಲ್ಲವರು ಮತ್ತೆ ಹುಟ್ಟಲಿಲ್ಲ. ಹನುಮಂತರಾಯರ ನಾಟಕಕ್ಕೆ ಬೇಕಾದದ್ದು ಗಟ್ಟಿ ಕಂಠ, ಒಂದು ಹಾರ್ಮೋನಿಯಂ, ನಾಲ್ಕು ಬಾಡಿಗೆ ಪರದೆ. ಬಡ ಸೀಮೆಯಲ್ಲಿ ಅದು ಬದುಕಿ ಉಳಿದದ್ದರಲ್ಲಿ ನನಗೆ ಆಶ್ಚರ್ಯವಿಲ್ಲ.

‘ಅಕ್ಷಯಾಂಬರ’, ‘ಬಾಣಸಿಗ ಭೀಮ’, ‘ಕುರುಕ್ಷೇತ್ರ’, ‘ರಕ್ತರಾತ್ರಿ’, ‘ಚಿತ್ರಾಂಗದಾ’ ಅವರ ಮಹಾಭಾರತ ನಾಟಕಗಳು. ‘ರಕ್ತರಾತ್ರಿ’ಯ ಹಿಂದೆ ಇರುವುದು ಸೌಪ್ತಿಕ ಪರ್ವದ ಕಥೆ. ಯುದ್ಧ ಮುಗಿದಿದೆ, ದುರ್ಯೋಧನ ತೊಡೆ ಮುರಿದು ಬಿದ್ದಿದ್ದಾನೆ. ತಂದೆಯನ್ನು ಮೋಸದಿಂದ ಕಳೆದುಕೊಂಡ ಅಶ್ವತ್ಥಾಮ ಕತ್ತಲಲ್ಲಿ ಪಾಂಡವರ ಶಿಬಿರಕ್ಕೆ ನುಗ್ಗಿ, ಮಲಗಿದ್ದ ದ್ರೌಪದಿಯ ಐವರು ಮಕ್ಕಳನ್ನು ಕೊಲ್ಲುತ್ತಾನೆ. ಗೆದ್ದವರಿಗೆ ಗೆಲುವು ಉಳಿಯದ, ಸೋತವರಿಗೆ ಸೇಡೂ ಸಮಾಧಾನ ತರದ ರಾತ್ರಿ. ಈ ವಸ್ತುವನ್ನು ಆರಿಸಿಕೊಂಡದ್ದರಲ್ಲಿಯೇ ಅವರ ಎದೆಗಾರಿಕೆ ಕಾಣುತ್ತದೆ. ಮಂಗಳ ಹಾಡಿ ಮನೆಗೆ ಕಳಿಸುವುದೇ ಕಂಪನಿ ನಾಟಕದ ರೂಢಿಯಾಗಿದ್ದಾಗ, ಮಕ್ಕಳ ಹೆಣಗಳ ಮುಂದೆ ಕುಳಿತ ತಾಯಿಯನ್ನು ಅವರು ಜನರೆದುರು ತಂದರು. ಬಳ್ಳಾರಿಯ ಸುಭದ್ರಮ್ಮ ಮನ್ಸೂರು ಈ ದ್ರೌಪದಿಯಾಗಿಯೇ ಹೆಸರಾದರು. 2020ರಲ್ಲಿ ಅವರು ತೀರಿಕೊಂಡಾಗಲೂ ಜನ ನೆನೆದದ್ದು ಆ ಪಾತ್ರವನ್ನೇ.

ಅವರ ಭಾಷೆಯನ್ನು ಇಂದಿನ ವಿಮರ್ಶಕರು ಆಡಂಬರವೆನ್ನಬಹುದು. ಸಂಸ್ಕೃತ ಸಮಾಸಗಳು, ಪ್ರಾಸಗಳು, ಉಸಿರು ಕಟ್ಟುವಷ್ಟು ಉದ್ದದ ವಾಕ್ಯಗಳು. ಆದರೆ ಅಕ್ಷರ ಬಾರದ ರೈತರು ಆ ಮಾತುಗಳನ್ನು ಕಿವಿಯಿಂದಲೇ ಕಲಿತು, ಒಂದಕ್ಷರ ಜಾರದಂತೆ ಒಪ್ಪಿಸುವುದನ್ನು ನಾನು ಕಂಡಿದ್ದೇನೆ. ಹಗಲೆಲ್ಲ ಜೋಳದ ಹೊಲದಲ್ಲಿದ್ದವನು ರಾತ್ರಿ ಹನುಮಪ್ಪನ ಗುಡಿಯಲ್ಲಿ ಪೇಟಿ ಮಾಸ್ತರರ ಎದುರು ತಿಂಗಳುಗಟ್ಟಲೆ ತಾಲೀಮು ಮಾಡಿ, ಒಂದು ರಾತ್ರಿಯ ಮಟ್ಟಿಗೆ ಶಕುನಿಯಾಗುತ್ತಾನೆ. ಬೀಗರು ಬಂದು ಆಯೇರಿ ಮಾಡುತ್ತಾರೆ. ಇದಕ್ಕಿಂತ ದೊಡ್ಡ ವಯಸ್ಕರ ಶಿಕ್ಷಣವನ್ನು ನಮ್ಮ ಇಲಾಖೆಗಳು ನಡೆಸಿದ್ದು ನನ್ನ ಸೇವಾವಧಿಯಲ್ಲಿ ನಾನು ನೋಡಲಿಲ್ಲ.

1934ರಲ್ಲಿ ‘ಸತಿ ಸುಲೋಚನಾ’ ಬಂದು ಕನ್ನಡ ಪರದೆ ಮಾತಾಡತೊಡಗಿತು. ಮುಂದಿನ ದಶಕಗಳಲ್ಲಿ ಒಂದೊಂದಾಗಿ ಕಂಪನಿಗಳು ಡೇರೆ ಕಿತ್ತವು. ಕಂಪನಿಗೆ ಬರೆದುಕೊಟ್ಟ ನಾಟಕ ಕಂಪನಿಯ ಸ್ವತ್ತು ಎಂಬುದು ಆಗಿನ ಪದ್ಧತಿ. ಪುಸ್ತಕವಾಗಿ ಅಚ್ಚಾದ ಮೇಲೆ ಅದು ಜಾತ್ರೆಯ ಅಂಗಡಿಯಲ್ಲಿ ಸಿಗುವ ಸರಕು. ಎಷ್ಟು ಊರು ಆಡಿದರೂ ಬರೆದವನಿಗೆ ಕಾಸಿಲ್ಲ. 1966ರಲ್ಲಿ, ಎಪ್ಪತ್ತರ ವಯಸ್ಸಿನಲ್ಲಿ ಹನುಮಂತರಾಯರು ಕಣ್ಣುಮುಚ್ಚಿದರು. ಅವರನ್ನು ಕರ್ನಾಟಕದ ಷೇಕ್ಸ್‌ಪಿಯರ್ ಎಂದು ಕರೆಯುವ ವಾಡಿಕೆಯುಂಟು. ಈ ಬಗೆಯ ಬಿರುದುಗಳು ನನಗೆ ಅಷ್ಟಾಗಿ ರುಚಿಸುವುದಿಲ್ಲ. ಆದರೂ ಒಂದು ಸಾಮ್ಯ ನಿಜ: ಇಬ್ಬರೂ ಕಂಪನಿಯ ನಟರನ್ನು ಕಣ್ಣ ಮುಂದಿಟ್ಟುಕೊಂಡು, ಮುಂದಿನ ಆಟಕ್ಕೆಂದು ಬರೆದವರು.

ಲಂಡನ್ನಿನವರು ಷೇಕ್ಸ್‌ಪಿಯರನ ಗ್ಲೋಬ್ ರಂಗಮಂದಿರವನ್ನು 1997ರಲ್ಲಿ ಮತ್ತೆ ಕಟ್ಟಿ ತೆರೆದಾಗ, ಅವನ ಕಾಲದಂತೆಯೇ ಬಡವನೂ ಅಂಗಳದಲ್ಲಿ ನಿಂತು ನೋಡಲು ಅಗ್ಗದ ಜಾಗ ಬಿಟ್ಟರು. ಪುಣೆಯವರು ಬಾಲಗಂಧರ್ವರ ಹೆಸರಿನಲ್ಲಿ 1968ರಲ್ಲಿ ತೆರೆದ ರಂಗಮಂದಿರವನ್ನು ಕೆಡವಿ ಕಟ್ಟುವ ಪ್ರಸ್ತಾವ ಬಂದಾಗ ಕಲಾವಿದರೇ ಎದುರು ನಿಂತರು. ನಮ್ಮಲ್ಲಿ ನವೀಕರಣವೆಂದರೆ ಮೆತ್ತನೆಯ ಕುರ್ಚಿ, ಹವಾನಿಯಂತ್ರಣ, ಹೊರಗೆ ಹೊಳೆಯುವ ಕಲ್ಲು. ಅದರ ಬೆನ್ನಿಗೇ ಬಾಡಿಗೆ ಏರುತ್ತದೆ. ಹೆಸರು ಬೇಡ, ಒಂದು ನವೀಕೃತ ಸಭಾಂಗಣದಲ್ಲಿ ಹಳ್ಳಿಯ ತಂಡವೊಂದು ದಿನ ಗೊತ್ತುಮಾಡಿಕೊಂಡಿತ್ತು. ಎರಡು ದಿನ ಮೊದಲು ಯಾವುದೋ ಸಭೆಗೆಂದು ಅದನ್ನು ಕಿತ್ತುಕೊಂಡರು. ಬಣ್ಣದ ಕೋಣೆಯಲ್ಲಿ ಮುರಿದ ಕುರ್ಚಿಗಳನ್ನು ಒಟ್ಟಿದ್ದರೆಂದು ನಾನೇ ನೋಡಿಬಂದೆ.

ಆಡಳಿತದಲ್ಲಿದ್ದವನಾದ್ದರಿಂದ ಕೇಳುವುದೂ ಕಡತದ ಭಾಷೆಯಲ್ಲಿಯೇ. ರಂಗಮಂದಿರ ಹೊಸದಾಗುವ ಮುನ್ನ ದಿನಗಳ ಹಂಚಿಕೆ ಬರಹದಲ್ಲಿ ಆಗಲಿ. ತಿಂಗಳಲ್ಲಿ ಇಂತಿಷ್ಟು ರಾತ್ರಿ ನಾಟಕಕ್ಕೆ, ಅವನ್ನು ಯಾವ ಸಭೆಗೂ ಬಿಟ್ಟುಕೊಡುವಂತಿಲ್ಲ. ಹಳ್ಳಿಯ ತಂಡಕ್ಕೆ ಬೇರೆ ದರ. ತಾಲೀಮಿಗೆ ಒಂದು ಕೋಣೆ, ಹೆಣ್ಣುಮಕ್ಕಳಿಗೆ ಬೀಗವಿರುವ ಪ್ರತ್ಯೇಕ ಬಣ್ಣದ ಕೋಣೆ, ಪೇಟಿ ಮಾಸ್ತರರು ಕೂಡಲು ರಂಗದ ಪಕ್ಕದಲ್ಲಿ ಜಾಗ. ಹನುಮಂತರಾಯರ ನಾಟಕಗಳ ಪ್ರತಿಗಳು ಓದಲು ಸಿಗುವಂತೆ ಒಂದು ಕಪಾಟು. ಮತ್ತೆ, ಆಟ ಬೆಳಗಿನ ಜಾವದವರೆಗೆ ನಡೆಯುವುದರಿಂದ, ಹತ್ತು ಗಂಟೆಗೆ ದೀಪ ಆರಿಸದ ಒಬ್ಬ ಕಾವಲುಗಾರ.