ಬಾಗಿಲು ತೆರೆಸಿದ ವಿದ್ಯಾರ್ಥಿನಿ: ಡಾ. ಕಮಲಾ ಸೊಹೊನಿ

ಕೋಸಗಿಯ ನಮ್ಮ ಕನ್ನಡ ಶಾಲೆಯು ಐವತ್ತು ಸಂವತ್ಸರಗಳನ್ನು ಪೂರೈಸಿರುವ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಹಿರಿಯರು ಅಪ್ಪಣೆ ಮಾಡಿದಾಗ, ನನ್ನ ಮನಸ್ಸಿಗೆ ಮೊದಲು ಹೊಳೆದ ಹೆಸರು ಡಾ. ಕಮಲಾ ಸೊಹೊನಿ ಅವರದು. ಈ ಶಾಲೆಯಲ್ಲಿ ಕನ್ನಡದಲ್ಲಿಯೇ ವಿಜ್ಞಾನದ ಮೊದಲ ಪಾಠಗಳನ್ನು ಕಲಿತು, ಮುಂದೆ ವಿಶ್ವವಿದ್ಯಾಲಯದಲ್ಲಿ ಜೀವರಸಾಯನಶಾಸ್ತ್ರದ ಸ್ನಾತಕೋತ್ತರ ವ್ಯಾಸಂಗ ಮಾಡಿದವಳು ನಾನು. ಉಂಡ ಅನ್ನವು ರಕ್ತಮಾಂಸವಾಗುವ ಬಗೆಯನ್ನು, ಜೀವಕೋಶವು ಉಸಿರಾಡುವ ಕ್ರಮವನ್ನು ರಸಾಯನಶಾಸ್ತ್ರದ ಮೂಲಕ ಅರಿಯುವ ವಿದ್ಯೆ ಅದು. ಅದರ ಪ್ರಯೋಗಾಲಯದಲ್ಲಿ ಹೆಣ್ಣುಮಕ್ಕಳು ನಿಂತು ಕೆಲಸ ಮಾಡುವುದು ಇಂದು ಯಾರಿಗೂ ಅಚ್ಚರಿಯ ಸಂಗತಿಯಲ್ಲ. ಆದರೆ ಒಂದು ಕಾಲದಲ್ಲಿ ಅದಕ್ಕಾಗಿ ಹೋರಾಡಬೇಕಾಗಿತ್ತು.

ಕಮಲಾ ಭಾಗವತ್ ಅವರು ಕಳೆದ ಶತಮಾನದ ಎರಡನೆಯ ದಶಕದ ಆರಂಭದಲ್ಲಿ ಇಂದೋರಿನಲ್ಲಿ ಜನಿಸಿದರು. ತಂದೆ ನಾರಾಯಣರಾವ್ ಭಾಗವತ್ ಹಾಗೂ ಚಿಕ್ಕಪ್ಪ ಮಾಧವರಾವ್ ಭಾಗವತ್ ಇಬ್ಬರೂ ರಸಾಯನಶಾಸ್ತ್ರಜ್ಞರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಲಿತು ಹೊರಬಂದ ಮೊದಲ ತಲೆಮಾರಿನವರು. ಜನರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಪ್ರಸಿದ್ಧವಾದ ಆ ಸಂಸ್ಥೆಯಲ್ಲಿ ತಾನೂ ಓದಬೇಕೆಂಬ ಹಂಬಲ ಮಗಳಲ್ಲಿ ಮೂಡಿದ್ದು ಸಹಜವೇ. 1933ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಬಿ.ಎಸ್ಸಿ. ಪರೀಕ್ಷೆಯಲ್ಲಿ ಪ್ರಥಮ ಸ್ಥಾನ ಪಡೆದ ಆಕೆ ಬೆಂಗಳೂರಿಗೆ ಅರ್ಜಿ ಸಲ್ಲಿಸಿದರು.

ಅರ್ಜಿ ತಿರಸ್ಕೃತವಾಯಿತು. ಅಂಕಗಳಲ್ಲಿ ಕೊರತೆಯಿರಲಿಲ್ಲ, ಅರ್ಜಿದಾರಳು ಹೆಣ್ಣಾಗಿದ್ದುದೇ ಕಾರಣ. ಆಗ ಸಂಸ್ಥೆಯ ನಿರ್ದೇಶಕರಾಗಿದ್ದವರು ನೊಬೆಲ್ ಪುರಸ್ಕೃತ ಸರ್ ಸಿ. ವಿ. ರಾಮನ್. ಅಂತಹ ಜಗದ್ವಿಖ್ಯಾತ ವಿಜ್ಞಾನಿಯ ನಿರ್ಣಯವನ್ನು ಇಪ್ಪತ್ತರ ಆಸುಪಾಸಿನ ಯುವತಿಯೊಬ್ಬಳು ಪ್ರಶ್ನಿಸುವುದು ಆ ಕಾಲಕ್ಕೆ ಊಹೆಗೂ ನಿಲುಕದ ಮಾತು. ಕಮಲಾ ಅವರು ಬೆಂಗಳೂರಿಗೇ ಬಂದು ನಿರ್ದೇಶಕರನ್ನು ಕಂಡು, ತಮ್ಮ ಅರ್ಹತೆಗೆ ಉತ್ತರ ಬೇಕೆಂದು ಕೇಳಿದರು. ಗಾಂಧೀಜಿಯವರ ಮಾರ್ಗದಲ್ಲಿ ಸತ್ಯಾಗ್ರಹಕ್ಕೂ ಸಿದ್ಧರಾದರು. ಕೊನೆಗೆ ಪ್ರವೇಶ ದೊರೆಯಿತು, ಆದರೆ ಷರತ್ತುಗಳೊಡನೆ. ಒಂದು ವರ್ಷ ಆಕೆಯದು ಪರೀಕ್ಷಾರ್ಥ ವ್ಯಾಸಂಗ. ಕೆಲಸದ ಗುಣಮಟ್ಟ ನಿರ್ದೇಶಕರಿಗೆ ಒಪ್ಪಿಗೆಯಾದರೆ ಮಾತ್ರ ಮಾನ್ಯತೆ. ಸಹಪಾಠಿ ಪುರುಷರ ಏಕಾಗ್ರತೆಗೆ ಆಕೆಯಿಂದ ಭಂಗ ಬರಕೂಡದು. ಈ ಕೊನೆಯ ಷರತ್ತು ಆಕೆಯ ಮನಸ್ಸನ್ನು ಬಹುಕಾಲ ನೋಯಿಸಿತು. ಆದರೂ ಒಪ್ಪಿಕೊಂಡರು; ಒಳಗೆ ಕಾಲಿಟ್ಟರಲ್ಲವೇ ತಮ್ಮ ಯೋಗ್ಯತೆಯನ್ನು ತೋರಿಸಲು ಸಾಧ್ಯ?

ಅಲ್ಲಿ ಅವರಿಗೆ ದೊರೆತ ಗುರುಗಳು ಶ್ರೀ ಎಂ. ಶ್ರೀನಿವಾಸಯ್ಯನವರು. ಶಿಸ್ತಿನಲ್ಲಿ ಕಠಿಣರಾದರೂ ಶಿಷ್ಯೆಯ ಶ್ರದ್ಧೆಯನ್ನು ಗುರುತಿಸಿ ಮುನ್ನಡೆಸಿದರು. ಅವರ ಮಾರ್ಗದರ್ಶನದಲ್ಲಿ ಕಮಲಾ ಅವರು ಹಾಲಿನಲ್ಲಿ ಹಾಗೂ ಬೇಳೆಕಾಳುಗಳಲ್ಲಿ ಇರುವ ಪ್ರೋಟೀನುಗಳನ್ನು ಅಭ್ಯಸಿಸಿದರು. ವರ್ಷ ಕಳೆಯುವಷ್ಟರಲ್ಲಿ ನಿರ್ದೇಶಕರಿಗೂ ತೃಪ್ತಿಯಾಯಿತು. ಅಷ್ಟೇ ಅಲ್ಲ, ಆ ಬಳಿಕ ಇತರ ವಿದ್ಯಾರ್ಥಿನಿಯರಿಗೂ ಸಂಸ್ಥೆಯ ಬಾಗಿಲು ತೆರೆಯಿತು. 1936ರಲ್ಲಿ ಕಮಲಾ ಅವರು ಎಂ.ಎಸ್ಸಿ. ಪದವಿಯನ್ನು ಉನ್ನತ ಶ್ರೇಣಿಯಲ್ಲಿ ಪಡೆದರು.

1937ರಲ್ಲಿ ಅವರು ಇಂಗ್ಲೆಂಡಿನ ಕೇಂಬ್ರಿಡ್ಜ್ ವಿಶ್ವವಿದ್ಯಾಲಯಕ್ಕೆ ತೆರಳಿದರು. ವಿಟಮಿನ್ನುಗಳ ಸಂಶೋಧನೆಗಾಗಿ 1929ರಲ್ಲಿ ನೊಬೆಲ್ ಪಾರಿತೋಷಕ ಪಡೆದಿದ್ದ ಸರ್ ಫ್ರೆಡರಿಕ್ ಗೌಲೆಂಡ್ ಹಾಪ್ಕಿನ್ಸ್ ಅವರ ಜೀವರಸಾಯನ ವಿಭಾಗ ಅದು. ಡೆರೆಕ್ ರಿಕ್ಟರ್, ರಾಬಿನ್ ಹಿಲ್ ಮೊದಲಾದ ವಿದ್ವಾಂಸರೊಡನೆ ದುಡಿದು, ಆಲೂಗಡ್ಡೆಯ ಮೇಲೆ ಪ್ರಯೋಗ ನಡೆಸಿ, ಸಸ್ಯಕೋಶಗಳ ಉಸಿರಾಟದಲ್ಲಿ ಸೈಟೋಕ್ರೋಮ್ ಸಿ ಎಂಬ ವಸ್ತುವಿನ ಪಾತ್ರವನ್ನು ತೋರಿಸಿಕೊಟ್ಟರು. 1939ರಲ್ಲಿ ಅವರಿಗೆ ಪಿಎಚ್.ಡಿ. ಪದವಿ ದೊರೆಯಿತು. ಸಲ್ಲಿಸಿದ ಪ್ರಬಂಧ ಸುಮಾರು 40 ಪುಟಗಳದು ಮಾತ್ರ. ವಿದ್ವತ್ತು ಪುಟಗಳ ಸಂಖ್ಯೆಯಲ್ಲಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ವಿದೇಶದಲ್ಲಿಯೇ ನೆಲೆಸದೆ ಅದೇ ವರ್ಷ ಸ್ವದೇಶಕ್ಕೆ ಹಿಂದಿರುಗಿದರು. ದೆಹಲಿಯ ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜಿನಲ್ಲಿಯೂ, ಅನಂತರ ನೀಲಗಿರಿಯ ಕೂನೂರಿನ ಪೋಷಣಾ ಸಂಶೋಧನಾಲಯದಲ್ಲಿಯೂ ಸೇವೆ ಸಲ್ಲಿಸಿದರು. 1947ರಲ್ಲಿ ಶ್ರೀ ಎಂ. ವಿ. ಸೊಹೊನಿಯವರನ್ನು ವಿವಾಹವಾಗಿ ಮುಂಬಯಿಯಲ್ಲಿ ನೆಲೆಸಿ, ಅಲ್ಲಿನ ವಿಜ್ಞಾನ ಸಂಸ್ಥೆಯಲ್ಲಿ ಜೀವರಸಾಯನಶಾಸ್ತ್ರವನ್ನು ಬೋಧಿಸಿದರು; ಮುಂದೆ ಅದರ ನಿರ್ದೇಶಕಿಯೂ ಆದರು.

ಅವರ ಸಂಶೋಧನೆಯ ವಿಷಯಗಳನ್ನು ನೋಡಿದರೆ ಅವು ಬಡವರ ತಟ್ಟೆಯಿಂದಲೇ ಎದ್ದುಬಂದಂತೆ ತೋರುತ್ತವೆ. ಈಚಲು, ತಾಳೆ ಮರಗಳಿಂದ ಇಳಿಸುವ ಹುಳಿಯದ ನೀರಾದಲ್ಲಿರುವ ಪೋಷಕಾಂಶಗಳನ್ನು ಪರಿಶೀಲಿಸಿ, ಪೌಷ್ಟಿಕ ಆಹಾರ ಸಿಗದ ಗಿರಿಜನರ ಮಕ್ಕಳಿಗೂ ಗರ್ಭಿಣಿಯರಿಗೂ ಅದು ಹಿತಕರವೆಂದು ತೋರಿಸಿದರು. ಆ ಕಾರ್ಯಕ್ಕೆ ರಾಷ್ಟ್ರಪತಿಗಳ ಪ್ರಶಸ್ತಿ ಲಭಿಸಿತು. ನಮ್ಮ ಅವರೆಕಾಳಿನ ಮೇಲೂ ಅವರು ಕೆಲಸ ಮಾಡಿದ್ದಾರೆ. ಕರುಳಿನಲ್ಲಿ ಪ್ರೋಟೀನನ್ನು ಅರಗಿಸುವ ಟ್ರಿಪ್ಸಿನ್ ಎಂಬ ಕಿಣ್ವವನ್ನು ಹಸಿಯ ಅವರೆಯಲ್ಲಿರುವ ಒಂದು ವಸ್ತು ತಡೆಯುತ್ತದೆ. ಆ ವಸ್ತುವನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿದ ವಿಷಯವನ್ನು 1955ರಲ್ಲಿ ನೇಚರ್ ಪತ್ರಿಕೆಯಲ್ಲಿ ಸಹೋದ್ಯೋಗಿಯೊಡನೆ ಪ್ರಕಟಿಸಿದರು. ಇಂತಹ ತಡೆವಸ್ತುಗಳು ಚೆನ್ನಾಗಿ ಬೇಯಿಸಿದಾಗ ಬಹುಪಾಲು ನಾಶವಾಗುತ್ತವೆ. ಕಾಳನ್ನು ನೆನೆಹಾಕಿ ಮೆತ್ತಗೆ ಬೇಯಿಸುವ ನಮ್ಮ ಅಜ್ಜಿಯರ ಪದ್ಧತಿಯ ಹಿಂದಿನ ವಿಜ್ಞಾನವನ್ನು ನಾನು ಅರಿತದ್ದು ಸ್ನಾತಕೋತ್ತರ ತರಗತಿಯಲ್ಲಿ ಈ ಪಾಠವನ್ನು ಓದಿದಾಗ. ಪರಭಾಷೆಯ ದಪ್ಪ ಗ್ರಂಥಗಳ ನಡುವೆ ಅದು ನನಗೆ ತವರಿನ ಮಾತನ್ನು ಕೇಳಿದಂತಾಗಿತ್ತು.

ನಿವೃತ್ತಿಯ ನಂತರವೂ ಅವರು ಸುಮ್ಮನೆ ಕೂಡಲಿಲ್ಲ. ಗ್ರಾಹಕರ ಹಿತರಕ್ಷಣೆಗೆ ದುಡಿದು, ಆಹಾರದ ಕಲಬೆರಕೆಯ ಬಗ್ಗೆ ಜನರನ್ನು ಎಚ್ಚರಿಸಿದರು. 1998ರ ಜೂನ್ 28ರಂದು ಅವರ ಬಾಳು ಕೊನೆಗೊಂಡಿತು.

ಕಮಲಾ ಅವರ ಛಲ ದೊಡ್ಡದು. ಆದರೆ ಅದರ ಬೆನ್ನಿಗೆ ನಿಂತ ಮನೆಯನ್ನು ನಾವು ಮರೆಯಲಾಗದು. ಮಗಳು ಓದುವುದು ಬೇಡವೆನ್ನದ ತಂದೆ ಅವರಿಗಿದ್ದರು. ಮಳೆ ಕೈಕೊಟ್ಟ ವರ್ಷಗಳಲ್ಲಿ ನಮ್ಮ ಕೋಸಗಿ ಸೀಮೆಯ ಎಷ್ಟೋ ಕುಟುಂಬಗಳು ಹತ್ತಿ, ಮೆಣಸಿನಕಾಯಿ ಬಿಡಿಸಲು ಗುಂಟೂರಿನ ಕಡೆಗೆ ಗುಳೆ ಹೋಗುತ್ತವೆ. ಚಿಕ್ಕ ತಮ್ಮತಂಗಿಯರನ್ನು ನೋಡಿಕೊಳ್ಳಲು ಶಾಲೆಯ ಹುಡುಗಿಯೂ ಜೊತೆಯಲ್ಲಿ ಹೊರಡುತ್ತಾಳೆ. ಮರಳಿ ಬರುವಷ್ಟರಲ್ಲಿ ಪಾಠಗಳು ಮುಂದೆ ಸಾಗಿರುತ್ತವೆ. ಕೆಲವರು ಮರಳಿ ಶಾಲೆಗೆ ಬರುವುದೇ ಇಲ್ಲ. ಇವರನ್ನು ಬೇಡವೆಂದು ಯಾವ ನಿರ್ದೇಶಕರೂ ಹೇಳಿಲ್ಲ. ಅರ್ಜಿ ಹಾಕುವ ಹಂತವನ್ನೇ ಇವರು ಮುಟ್ಟುವುದಿಲ್ಲ.

ಆದುದರಿಂದ ಊರಿನ ಹಿರಿಯರಲ್ಲಿಯೂ ತಾಯಿತಂದೆಯರಲ್ಲಿಯೂ ನನ್ನದೊಂದು ವಿನಂತಿ. ಗುಳೆ ಹೋಗುವುದು ಅನಿವಾರ್ಯವಾದಾಗ ಮಗಳನ್ನು ಅಜ್ಜಿಯ ಬಳಿಯಲ್ಲಿಯೋ ವಸತಿನಿಲಯದಲ್ಲಿಯೋ ಬಿಟ್ಟು, ಹತ್ತನೆಯ ತರಗತಿಯನ್ನು ಮುಗಿಸಲು ಅವಕಾಶ ಮಾಡಿಕೊಡಿರಿ. ಮುಂದಿನ ದಾರಿಯನ್ನು ಕಮಲಾ ಅವರಂತಹ ಹಿರಿಯರು ಆಗಲೇ ತೆರೆದಿಟ್ಟಿದ್ದಾರೆ. ಗಡಿನಾಡಿನಲ್ಲಿ ಕನ್ನಡದ ದೀಪವನ್ನು ಐವತ್ತು ವರ್ಷ ಆರದಂತೆ ಕಾಯ್ದ ಗುರುವೃಂದಕ್ಕೆ ನನ್ನ ನಮಸ್ಕಾರಗಳು. ನಮ್ಮ ಶಾಲೆಯು ಶತಮಾನೋತ್ಸವವನ್ನು ಆಚರಿಸುವಂತಾಗಲಿ. ಅಂದಿನ ಸಂಚಿಕೆಯಲ್ಲಿ ಕೋಸಗಿಯದೇ ಒಬ್ಬ ವಿಜ್ಞಾನಿಯ ಜೀವನವನ್ನು ಈ ಶಾಲೆಯ ವಿದ್ಯಾರ್ಥಿನಿಯೇ ಬರೆಯುವಂತಾಗಲಿ ಎಂದು ಹಾರೈಸುತ್ತೇನೆ.